ನಿಧಾನವಾಗಿ ಆಡಬೇಕಾದ ಆಟ: ಕ್ರೋನೋ ಟ್ರಿಗರ್ ಅನ್ನು ಮೊದಲ ಸಲ ಆಡುವವರಿಗೆ ಮಾರ್ಗದರ್ಶಿ

1995ರ ಮಾರ್ಚ್ 11ರಂದು ಜಪಾನಿನ ಸ್ಕ್ವೇರ್ ಕಂಪನಿ ಸೂಪರ್ ಫ್ಯಾಮಿಕಾಮ್ ಎಂಬ ವಿಡಿಯೊ ಗೇಮ್ ಯಂತ್ರಕ್ಕಾಗಿ ಕ್ರೋನೋ ಟ್ರಿಗರ್ ಆಟವನ್ನು ಹೊರತಂದಿತು. ಆ ಕಾಲದಲ್ಲಿ ಹುಬ್ಬಳ್ಳಿಯ ಹುಡುಗರಾದ ನಮಗೆ ಅದರ ಹೆಸರೂ ತಿಳಿದಿರಲಿಲ್ಲ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ವಿಡಿಯೊ ಗೇಮ್ ಅಂಗಡಿಯಲ್ಲಿ ಆಡುತ್ತಿದ್ದುದೂ, ರಜೆಯಲ್ಲಿ ಮನೆಯ ಟಿ.ವಿ.ಗೆ ಜೋಡಿಸಿಕೊಳ್ಳುತ್ತಿದ್ದುದೂ ಹಳೆಯ 8 ಬಿಟ್ ಯಂತ್ರದ ನಕಲುಗಳನ್ನೇ. ಅದರೊಳಗೆ ಸಿಕ್ಕಿಸುವ ‘ಕ್ಯಾಸೆಟ್’ಗಳಲ್ಲಿ ಓಡುವ, ಜಿಗಿಯುವ, ಗುಂಡು ಹಾರಿಸುವ ಆಟಗಳಿದ್ದವೇ ಹೊರತು ಕೂತು ಓದಿಸಿಕೊಳ್ಳುವ, ಕಥೆ ಹೇಳುವ ಆಟಗಳಿರಲಿಲ್ಲ. ಹಾಗಾಗಿ ಪಾತ್ರವಾಗಿ ಬದುಕಿ ಆಡುವ ಆಟವೆಂದರೆ ಏನೆಂಬುದು ನನಗೆ ತಿಳಿದದ್ದು ತುಂಬ ತಡವಾಗಿ, ಫೋನಿನ ಮೇಲೆ.

ಕಳೆದ ಬೇಸಿಗೆಯ ರಜೆಯಲ್ಲಿ ಗದಗಿನಿಂದ ಬಂದಿದ್ದ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಆಟವನ್ನು ಮೂರನೆಯ ಬಾರಿ ಆಡಿದೆ. ಮೊದಲ ಬಾರಿ ಆಡಿದಾಗ ಅಂತರ್ಜಾಲದ ದಾರಿಸೂಚಿಯೊಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅದು ಹೇಳಿದಂತೆ ನಡೆದಿದ್ದೆ. ಆಟ ಮುಗಿಯಿತು, ಆದರೆ ಅದು ನನ್ನದಾಗಲಿಲ್ಲ. ಮಗುವಿನ ಜೊತೆ ದಾರಿಸೂಚಿಯಿಲ್ಲದೆ, ಎಲ್ಲೆಂದರಲ್ಲಿ ನಿಂತು, ಎಲ್ಲರನ್ನೂ ಮಾತಾಡಿಸುತ್ತ ಆಡಿದಾಗಲೇ ಮೂವತ್ತು ವರ್ಷ ಕಳೆದರೂ ಜನ ಇದನ್ನು ಬಿಡದಿರುವುದೇಕೆಂದು ಅರ್ಥವಾಯಿತು. ಇವತ್ತು ನೀವು ಮಾಡಿದ ಸಣ್ಣ ಕೆಲಸ ನಾಲ್ಕು ನೂರು ವರ್ಷದ ಅನಂತರ ಏನಾಗಿ ನಿಂತಿದೆ ಎಂಬುದನ್ನು ಈ ಆಟ ನಿಮ್ಮ ಕಣ್ಣಿಗೇ ತೋರಿಸುತ್ತದೆ, ಮತ್ತು ಅವಸರದಲ್ಲಿ ಆಡಿದವರಿಗೆ ಅದನ್ನು ತೋರಿಸುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ಬರೆದಿರುವುದು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲ ಹೆಜ್ಜೆ: ಆಟವನ್ನು ಪಡೆದುಕೊಳ್ಳುವುದು

ಹಳೆಯ ಯಂತ್ರವನ್ನು ಹುಡುಕುವ ಅಗತ್ಯವಿಲ್ಲ. ಆಂಡ್ರಾಯ್ಡ್ ಫೋನಿಗೂ ಐಫೋನಿಗೂ ಅಧಿಕೃತ ಆವೃತ್ತಿಗಳಿವೆ, ಮತ್ತು 2018ರ ಫೆಬ್ರುವರಿಯಿಂದ ಕಂಪ್ಯೂಟರಿಗೆ ಸ್ಟೀಮ್ ಎಂಬ ಅಂತರ್ಜಾಲದ ಮಳಿಗೆಯಲ್ಲಿ ಸಿಗುತ್ತದೆ. ಮೂಲ ಆಟವಿದ್ದುದು 32 ಮೆಗಾಬಿಟ್‌ನ, ಎಂದರೆ 4 ಎಂಬಿಯ ಕ್ಯಾಸೆಟ್‌ನಲ್ಲಿ. ಇಂದು ನಿಮ್ಮ ಫೋನಿನಲ್ಲಿ ತೆಗೆದ ಒಂದು ಚಿತ್ರವೇ ಅಷ್ಟು ಜಾಗ ಹಿಡಿಯುತ್ತದೆ. ಆದ್ದರಿಂದ ದುಬಾರಿ ಕಂಪ್ಯೂಟರ್ ಬೇಕೆಂಬ ಚಿಂತೆ ಬೇಡ. ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಕಳ್ಳ ಪ್ರತಿಗಳನ್ನು ಬಿಟ್ಟು ದುಡ್ಡು ಕೊಟ್ಟು ಕೊಳ್ಳಿರಿ. ಸ್ಟೀಮ್‌ನಲ್ಲಿ ಆಗಾಗ ರಿಯಾಯಿತಿ ಬರುತ್ತದೆ, ಕಾಯುವ ತಾಳ್ಮೆ ಇದ್ದರೆ ಕಡಿಮೆ ಬೆಲೆಗೆ ದೊರೆಯುತ್ತದೆ.

ಫೋನಿನಲ್ಲಿ ಆಡುವುದಾದರೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಒಂದು ಗುಹೆಯನ್ನು ದಾಟಬಹುದು. ಕಥೆಯ ಮುಖ್ಯ ಘಟ್ಟಗಳನ್ನು ಮಾತ್ರ ಮನೆಗೆ ಉಳಿಸಿಕೊಳ್ಳಿ. ಇಯರ್‌ಫೋನ್ ಇಲ್ಲದೆ ಆಡಲೇಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಶುರು ಮಾಡುವ ಮುನ್ನ ಮಾಡಿಕೊಳ್ಳಬೇಕಾದ ಹೊಂದಾಣಿಕೆ

ಆರಂಭದಲ್ಲಿಯೇ ‘ಆಕ್ಟಿವ್’ ಮತ್ತು ‘ವೇಟ್’ ಎಂಬ ಎರಡು ಬಗೆಯ ಕಾಳಗಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಆಟ ಕೇಳುತ್ತದೆ. ಮೊದಲನೆಯದರಲ್ಲಿ ನೀವು ಪಟ್ಟಿಯನ್ನು ತೆರೆದು ಯೋಚಿಸುತ್ತಿರುವಾಗಲೂ ಶತ್ರು ಹೊಡೆಯುತ್ತಿರುತ್ತಾನೆ. ಎರಡನೆಯದರಲ್ಲಿ ಮಂತ್ರವನ್ನೋ ಔಷಧಿಯನ್ನೋ ಆರಿಸುವಾಗ ಕಾಲ ನಿಂತಿರುತ್ತದೆ. ಈ ಬಗೆಯ ಆಟವನ್ನು ಹಿಂದೆ ಆಡಿಲ್ಲದವರು ಯಾವ ಸಂಕೋಚವೂ ಇಲ್ಲದೆ ‘ವೇಟ್’ ಆರಿಸಿಕೊಳ್ಳಬೇಕು, ವೇಗವನ್ನು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಈಗಿನ ಆವೃತ್ತಿಗಳಲ್ಲಿ ಕಾಳಗವನ್ನು ಯಂತ್ರವೇ ನಡೆಸಿಕೊಡುವ ಸೌಲಭ್ಯವೂ ಇದೆ. ಮೊದಲ ಸುತ್ತಿನಲ್ಲಿ ಅದನ್ನು ಮುಟ್ಟಬೇಡಿ.

ತಾನಾಗಿ ಉಳಿಸುವ ಏರ್ಪಾಡು ಇರುವುದರಿಂದ ನಡುವೆ ಕರೆಂಟು ಹೋದರೂ ಹೆಚ್ಚು ನಷ್ಟವಿಲ್ಲ. ಆದರೂ ಊರ ಹೊರಗಿನ ದೊಡ್ಡ ಭೂಪಟದ ಮೇಲೆ ಬಂದಾಗಲೆಲ್ಲ ಕೈಯಾರೆ ಒಂದು ಸಲ ಉಳಿಸಿಕೊಳ್ಳುವ ರೂಢಿ ಒಳ್ಳೆಯದು. ಅಲ್ಲಿ ಎಲ್ಲಿ ನಿಂತರೂ ಉಳಿಸಬಹುದು.

ಇನ್ನು ಭಾಷೆಯ ಮಾತು. ಆಟ ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲಿಯೇ ಓದಬೇಕು. ಮಾತುಗಳು ಚಿಕ್ಕವು, ಸರಳವಾದವು. ಹೈಸ್ಕೂಲಿನ ಮಕ್ಕಳಿಗೆ ಎಟುಕುತ್ತವೆ. ಚಿಕ್ಕ ಮಕ್ಕಳಿಗೆ ದೊಡ್ಡವರು ಓದಿ ಕನ್ನಡದಲ್ಲಿ ಹೇಳುತ್ತ ಹೋಗಬಹುದು. ಕಪ್ಪೆಯ ರೂಪ ತಾಳಿದ ಫ್ರಾಗ್ ಎಂಬ ವೀರನೊಬ್ಬ ಈ ಆಟದಲ್ಲಿದ್ದಾನೆ. 1995ರ ಇಂಗ್ಲಿಷ್ ಅನುವಾದದಲ್ಲಿ ಟೆಡ್ ವೂಲ್ಸಿ ಅವನ ಬಾಯಲ್ಲಿ ಹಳೆಯ ಕಾಲದ ಇಂಗ್ಲಿಷನ್ನು ಇಟ್ಟಿದ್ದರು. 2008ರಲ್ಲಿ ನಿಂಟೆಂಡೊ ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಆವೃತ್ತಿಗಾಗಿ ಮಾಡಿದ ಹೊಸ ಅನುವಾದ ಅದನ್ನು ಕೈಬಿಟ್ಟಿತು, ಇಂದು ಫೋನಿನಲ್ಲೂ ಸ್ಟೀಮ್‌ನಲ್ಲೂ ನಮಗೆ ಸಿಗುವುದು ಈ ಹೊಸ ಅನುವಾದವೇ. ನಾನು ಮಗುವಿಗೆ ಓದಿ ಹೇಳುವಾಗ ಫ್ರಾಗ್‌ಗೆ ದೊಡ್ಡಾಟದ ಮಾತು ಕೊಟ್ಟೆ. ‘ಎಲೈ ಬಾಲಕಿಯೇ, ಭಯಪಡಬೇಡ’ ಎಂದು ಆತ ರಂಗಕ್ಕೆ ಬಂದ ಕ್ಷಣದಿಂದ ಅವಳಿಗೆ ಅವನೇ ನಾಯಕ. ನಿಜವಾದ ನಾಯಕ ಕ್ರೋನೋ ಇಡೀ ಆಟದಲ್ಲಿ ಬಾಯಿ ಬಿಡುವುದೇ ಅಪರೂಪ. ‘ಮಾಮಾ, ಇವ ಯಾಕ ಮಾತಾಡಂಗಿಲ್ಲ?’ ಎಂದು ಅವಳು ಕೇಳಿದಾಗ, ‘ಅವನ ಮಾತು ನೀನೇ ಆಡಬೇಕು’ ಎಂದೆ.

ಮೂರನೆಯ ಹೆಜ್ಜೆ: ಜಾತ್ರೆಯಲ್ಲಿ ಕಾಲ ಕಳೆಯುವುದು

ಕಥೆ ತೆರೆದುಕೊಳ್ಳುವುದು ಕ್ರಿ.ಶ. 1000ರಲ್ಲಿ. ಗಾರ್ಡಿಯಾ ಎಂಬ ರಾಜ್ಯಕ್ಕೆ ಸಾವಿರ ವರ್ಷ ತುಂಬಿದ ಸಂಭ್ರಮದ ಜಾತ್ರೆ. ತಾಯಿ ಕ್ರೋನೋನನ್ನು ಎಬ್ಬಿಸುತ್ತಾಳೆ, ಗಂಟೆಯ ಸದ್ದು ಕೇಳುತ್ತದೆ, ಅವನು ಜಾತ್ರೆಗೆ ಹೊರಡುತ್ತಾನೆ. ಇಲ್ಲಿಯೇ ಬಹುಪಾಲು ಹೊಸ ಆಟಗಾರರು ತಪ್ಪುವುದು. ಉತ್ತರದ ತುದಿಯಲ್ಲಿ ಗೆಳತಿ ಲೂಕಾ ತನ್ನ ಹೊಸ ಯಂತ್ರವನ್ನು ತೋರಿಸಲಿದ್ದಾಳೆಂದು ಗೊತ್ತಾದೊಡನೆ ನೇರವಾಗಿ ಅತ್ತ ಓಡುತ್ತಾರೆ.

ಹಾಗೆ ಮಾಡಬೇಡಿ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೋದವರು ತೇರನ್ನಷ್ಟೇ ನೋಡಿ ಮನೆಗೆ ಬರುವುದಿಲ್ಲ. ಬಳೆ ಅಂಗಡಿ, ಮಿರ್ಚಿ ಭಜಿ, ಆಟಿಕೆ ಸಾಮಾನು, ಗಿರಮಿಟ್ ಎಂದು ಅಡ್ಡಾಡುತ್ತಾರೆ. ಇಲ್ಲಿಯೂ ಹಾಗೆಯೇ ಅಡ್ಡಾಡಿರಿ. ಹಾಡುವ ಯಂತ್ರಮಾನವ ಗಾಟೋನೊಡನೆ ಸೆಣಸಿ 15 ಬೆಳ್ಳಿ ಅಂಕ ಗಳಿಸಿ. ಓಟದ ಪಂದ್ಯ ನೋಡಿ. ಕತ್ತಿ ಮಾರುವ ಮುದುಕನನ್ನು ಮಾತಾಡಿಸಿ, ಅವನು ಬರೀ ವ್ಯಾಪಾರಿಯಲ್ಲ. ಬೆಕ್ಕು ಕಳೆದುಕೊಂಡು ಅಳುತ್ತಿರುವ ಪುಟ್ಟ ಹುಡುಗಿಯೊಬ್ಬಳಿದ್ದಾಳೆ. ಮೇಜಿನ ಮೇಲೆ ಯಾರದೋ ಊಟದ ಗಂಟಿದೆ. ದಾರಿಯಲ್ಲಿ ಮಾರ್ಲ್ ಎಂಬ ಹುಡುಗಿಯೊಬ್ಬಳು ನಿಮಗೆ ಡಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಕೊರಳಿನ ಪದಕ ದೂರ ಹಾರಿ ಬೀಳುತ್ತದೆ. ಮೊದಲು ಅವಳ ಬಳಿ ಹೋಗುವಿರೋ ಪದಕದ ಬಳಿ ಹೋಗುವಿರೋ? ಅವಳು ಮಿಠಾಯಿ ಅಂಗಡಿಯ ಮುಂದೆ ನಿಂತು ಆರಿಸುವಾಗ ಕಾಯುವಿರೋ, ಬೇಸರಿಸಿ ಮುಂದೆ ನಡೆಯುವಿರೋ?

ಇವುಗಳಲ್ಲಿ ಯಾವುದನ್ನು ಮಾಡಿದಾಗಲೂ ಆಟ ಏನನ್ನೂ ಹೇಳುವುದಿಲ್ಲ. ಗಂಟೆಗಟ್ಟಲೆ ಆಡಿ, ನೀವು ಜಾತ್ರೆಯನ್ನು ಮರೆತ ಮೇಲೆ, ಒಂದು ದಿನ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಆಗ ಸಾಕ್ಷಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ನಮ್ಮ ಸೊಸೆ ಆ ಊಟದ ಗಂಟನ್ನು ಬಿಚ್ಚಿ ತಿಂದಿದ್ದಳು. ಆ ಗಂಟಿನ ಒಡೆಯನಾದ ಮುದುಕ ಬಂದು ಅದನ್ನು ಹೇಳಿದಾಗ ಅವಳ ಮುಖ ಬಾಡಿತು. ‘ಹಸಿದಿತ್ತು ಅಂತ ಹೇಳಾಕ ಬರಂಗಿಲ್ಲೇನ, ಮಾಮಾ?’ ಎಂದಳು. ಬರುವುದಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂದು ಅಜ್ಜಿಯ ಬಾಯಲ್ಲಿ ನೂರು ಸಲ ಕೇಳಿದ್ದ ಮಾತು ಅವಳಿಗೆ ಅಂದು ಮೊದಲ ಬಾರಿ ತಟ್ಟಿತೆಂದು ನನ್ನ ನಂಬಿಕೆ. ಇಲ್ಲಿ ಹಿಂದಿನ ಉಳಿತಾಯಕ್ಕೆ ಮರಳಿ ತಪ್ಪನ್ನು ಅಳಿಸಿಕೊಳ್ಳಬೇಡಿ. ತೀರ್ಪು ಏನೇ ಬಂದರೂ ಕಥೆ ಮುಂದೆ ಸಾಗುತ್ತದೆ, ಆದರೆ ಆ ಕಟಕಟೆಯ ಅನುಭವ ಎರಡನೆಯ ಸಲ ಹೀಗೆ ಸಿಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ನೋಟ್‌ಬುಕ್ಕಿನಲ್ಲಿ ಕಾಲದ ಗೆರೆ ಎಳೆಯುವುದು

ಆಟ ಹಲವು ಕಾಲಗಳ ನಡುವೆ ಓಡಾಡುತ್ತದೆ: ಡೈನೊಸಾರ್‌ಗಳಿದ್ದ ಆರೂವರೆ ಕೋಟಿ ವರ್ಷಗಳ ಹಿಂದಿನ ಕಾಲ, ಕ್ರಿ.ಪೂ. 12,000, ಕ್ರಿ.ಶ. 600, 1000, 1999 ಮತ್ತು 2300. ಭೂಗರ್ಭದಲ್ಲಿ ಮಲಗಿರುವ ಲಾವೋಸ್ ಎಂಬ ಜೀವಿ 1999ರಲ್ಲಿ ಮೇಲೆದ್ದು ಲೋಕವನ್ನು ಸುಡುತ್ತದೆ. 2300ರಲ್ಲಿ ಉಳಿದಿರುವುದು ಬೂದಿ ಮತ್ತು ಹಸಿವು ಮಾತ್ರ. ಇದನ್ನು ಕಣ್ಣಾರೆ ಕಂಡ ಮೂವರು ಹುಡುಗರು ಇದಾಗಕೂಡದೆಂದು ನಿಶ್ಚಯಿಸುವುದೇ ಕಥೆಯ ಬೀಜ.

ಒಂದು ಹಾಳೆಯಲ್ಲಿ ಅಡ್ಡ ಗೆರೆ ಎಳೆದು ಈ ವರ್ಷಗಳನ್ನು ಗುರುತಿಸಿ, ಪ್ರತಿಯೊಂದರ ಕೆಳಗೆ ನೀವು ಕಂಡ ಊರು, ಜನ, ಮುಚ್ಚಿದ ಬಾಗಿಲು, ತೆರೆಯದ ಪೆಟ್ಟಿಗೆಗಳನ್ನು ಬರೆದಿಡಿ. ನಾವು ಅದೇ ಗೆರೆಯ ಮೇಲ್ಭಾಗದಲ್ಲಿ ನಮ್ಮ ಸೀಮೆಯ ಸಂಗತಿಗಳನ್ನೂ ಬರೆದೆವು. 600 ಎಂಬಲ್ಲಿ ಬಾದಾಮಿಯಲ್ಲಿ ಮಂಗಳೇಶನ ಆಳ್ವಿಕೆ. 1000ದ ಪಕ್ಕದಲ್ಲಿಯೇ, 1007ರಲ್ಲಿ, ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ. ತಾನು ಶಾಲೆಯ ಪ್ರವಾಸದಲ್ಲಿ ಮುಟ್ಟಿ ನೋಡಿದ ಕಂಬಗಳು ಕ್ರೋನೋನ ಜಾತ್ರೆಯ ಓರಗೆಯವು ಎಂದು ತಿಳಿದಾಗ ಮಗುವಿಗೆ ನಾಲ್ಕು ನೂರು ವರ್ಷವೆಂದರೆ ಎಷ್ಟು ದೀರ್ಘವೆಂಬುದು ಕೈಗೆ ಸಿಕ್ಕಿತು. ಈ ಅಂದಾಜು ಇಲ್ಲದೆ ಮುಂದೆ ಬರುವ ಕಾಡಿನ ಪ್ರಸಂಗ ಎದೆಗೆ ಇಳಿಯುವುದಿಲ್ಲ.

ಮುಚ್ಚಿದ ಪೆಟ್ಟಿಗೆಗಳ ಬಗೆಗೆ ಒಂದು ಉಪಾಯವನ್ನು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ತಾವಾಗಿ ಕಂಡುಕೊಳ್ಳುವವರು ಕಡಿಮೆ. ಕಥೆ ಅರ್ಧ ದಾಟಿದ ಮೇಲೆ ಮಾರ್ಲ್‌ಳ ಪದಕಕ್ಕೆ ಕಪ್ಪು ಪೆಟ್ಟಿಗೆಗಳನ್ನು ತೆರೆಯುವ ಶಕ್ತಿ ಬರುತ್ತದೆ. ಅಂತಹ ಕೆಲವು ಪೆಟ್ಟಿಗೆಗಳು 600ರಲ್ಲೂ ಇವೆ, 1000ದಲ್ಲೂ ಇವೆ. 600ರಲ್ಲಿ ಪದಕ ಮಿನುಗಿ ತೆಗೆಯಲೇ ಎಂದು ಕೇಳಿದಾಗ ಬೇಡವೆನ್ನಿ. 1000ಕ್ಕೆ ಹೋಗಿ ಅದೇ ಪೆಟ್ಟಿಗೆಯನ್ನು ತೆರೆದರೆ ಒಳಗಿನ ವಸ್ತು ಇನ್ನಷ್ಟು ಬಲಗೊಂಡು ಸಿಗುತ್ತದೆ. ಅನಂತರ 600ಕ್ಕೆ ಮರಳಿ ಮೊದಲಿನದನ್ನೂ ತೆಗೆದುಕೊಳ್ಳಬಹುದು. ಭರಣಿಯ ಉಪ್ಪಿನಕಾಯಿಯನ್ನು ಅಂದೇ ತೆರೆಯದೆ ಮಾಗಲು ಬಿಟ್ಟ ಹಾಗೆ.

ಐದನೆಯ ಹೆಜ್ಜೆ: ಕಾಳಗ

ಕಾಳಗ ಕಷ್ಟವಲ್ಲ, ಆದರೆ ನೋಡುವ ಕಣ್ಣು ಬೇಕು. ಆ ಕಾಲದ ಇಂತಹ ಆಟಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ಕಾಣದ ಶತ್ರು ಎದುರಾಗಿ ಪರದೆಯೇ ಬದಲಾಗುತ್ತಿತ್ತು. ಇಲ್ಲಿ ಬಹುಮಟ್ಟಿಗೆ ಶತ್ರುಗಳು ಎದುರಿಗೇ ಕಾಣುತ್ತಾರೆ, ನಿಂತ ನೆಲದಲ್ಲಿಯೇ ಕಾಳಗ ನಡೆಯುತ್ತದೆ, ಹಲವರನ್ನು ಬಳಸಿಕೊಂಡು ಹೋಗಿಬಿಡಲೂಬಹುದು. ಶತ್ರುಗಳು ಅತ್ತಿತ್ತ ಸರಿಯುತ್ತಿರುತ್ತಾರೆ. ಕ್ರೋನೋನ ಸುತ್ತುವ ಕತ್ತಿ ಒಂದು ವೃತ್ತದೊಳಗಿನವರಿಗೆಲ್ಲ ತಾಗುವುದರಿಂದ ಅವರು ಒತ್ತೊತ್ತಾಗಿ ಬರುವವರೆಗೆ ಒಂದು ಕ್ಷಣ ಕಾಯುವುದೇ ಜಾಣತನ.

ಇಬ್ಬರ ಸರದಿ ಒಟ್ಟಿಗೆ ತುಂಬಿದಾಗ ಇಬ್ಬರೂ ಸೇರಿ ಮಾಡುವ ಜೋಡಿ ವಿದ್ಯೆಗಳು ತೆರೆಯುತ್ತವೆ: ಲೂಕಾಳ ಬೆಂಕಿ ಕ್ರೋನೋನ ಕತ್ತಿಗೆ ಹತ್ತಿಕೊಳ್ಳುತ್ತದೆ, ಫ್ರಾಗ್ ಮತ್ತು ಕ್ರೋನೋ ಎರಡು ದಿಕ್ಕಿನಿಂದ ಅಡ್ಡಡ್ಡ ಸೀಳುತ್ತಾರೆ. ಮೂವರು ಕೂಡಿ ಮಾಡುವವೂ ಇವೆ. ಆದ್ದರಿಂದ ಒಂದೇ ತಂಡಕ್ಕೆ ಅಂಟಿಕೊಳ್ಳದೆ ಜೊತೆಗಾರರನ್ನು ಬದಲಿಸುತ್ತಿರಿ. ಹೆಕ್ರಾನ್‌ನಂತಹ ದೊಡ್ಡ ಶತ್ರುಗಳು ‘ಬಾ, ಹೊಡೆ’ ಎಂದು ಕೆಣಕಿದಾಗ ಹೊಡೆಯಲೇಬಾರದು. ಡೈನೊಸಾರ್‌ಗಳ ಕಾಲದ ದೊಡ್ಡ ಮೃಗಗಳಿಗೆ ಸಿಡಿಲೆಂದರೆ ಆಗದು. ಸೋತರೆ ಮಟ್ಟ ಏರಿಸಿಕೊಳ್ಳಲು ಸಣ್ಣ ಶತ್ರುಗಳನ್ನು ಗಂಟೆಗಟ್ಟಲೆ ಬಡಿಯುತ್ತ ಕೂರಬೇಡಿ. ಹೆಚ್ಚಿನ ಸಲ ಸೋಲಿಗೆ ಕಾರಣ ಶತ್ರು ಆಡಿದ ಮಾತನ್ನು ಸರಿಯಾಗಿ ಓದದಿರುವುದು.

ಆರನೆಯ ಹೆಜ್ಜೆ: ಕಿವಿಗೊಡುವುದು

ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ನೆಲದಲ್ಲಿ ಕುಳಿತು ಧ್ವನಿ ಆರಿಸಿ ಆಡುವುದು ನನಗೆ ಸಹಿಸದ ಮಾತು. ಈ ಆಟದ ಸಂಗೀತದ ಬಹುಭಾಗ ಯಾಸುನೊರಿ ಮಿತ್ಸುದಾ ಅವರದು. ಸ್ಕ್ವೇರ್‌ನಲ್ಲಿ ಸದ್ದುಗಳನ್ನು ರೂಪಿಸುವ ಕೆಲಸದಲ್ಲಿದ್ದ ಆ ತರುಣ, ಸಂಗೀತ ರಚಿಸಲು ಅವಕಾಶ ಕೊಡದಿದ್ದರೆ ಕೆಲಸ ಬಿಡುವುದಾಗಿ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾದ ಹಿರೋನೊಬು ಸಕಾಗುಚಿ ಅವರಿಗೆ ಹೇಳಿ ಈ ಹೊಣೆಯನ್ನು ಪಡೆದರು. ಹಗಲು ರಾತ್ರಿ ದುಡಿದು ಹೊಟ್ಟೆಯ ಹುಣ್ಣಿನಿಂದ ಆಸ್ಪತ್ರೆ ಸೇರಿದಾಗ ಹಿರಿಯರಾದ ನೊಬುವೊ ಉಯೆಮಾತ್ಸು ಉಳಿದ ಕೆಲವು ರಚನೆಗಳನ್ನು ಮಾಡಿಕೊಟ್ಟರು. ಕ್ರಿ.ಶ. 600ರ ಭೂಪಟಕ್ಕೆ ಕಾಲಿಟ್ಟಾಗ, ಮತ್ತು ಕ್ರಿ.ಪೂ. 12,000ದ ತೇಲುವ ನಾಡಿಗೆ ಏರಿದಾಗ, ಗುಂಡಿಯಿಂದ ಕೈ ತೆಗೆದು ಎರಡು ನಿಮಿಷ ಸುಮ್ಮನೆ ನಿಲ್ಲಿ.

ಏಳನೆಯ ಹೆಜ್ಜೆ: ಕೊನೆಯ ಯುದ್ಧವನ್ನು ಮುಂದೂಡುವುದು

ಮುಖ್ಯ ಕಥೆಗೆ ಸುಮಾರು 20ರಿಂದ 25 ಗಂಟೆ ಹಿಡಿಯುತ್ತದೆ. ಕೊನೆಯ ಭಾಗದಲ್ಲಿ ಹಾರುವ ಕಾಲಯಂತ್ರ ಕೈಗೆ ಬಂದಾಗ ಲಾವೋಸ್‌ನನ್ನು ನೇರವಾಗಿ ಎದುರಿಸುವ ದಾರಿ ತೆರೆದೇ ಇರುತ್ತದೆ. ಹೋಗಬೇಡಿ. ಆಟದ ಜೀವ ಇರುವುದು ಈಗ ತೆರೆದುಕೊಳ್ಳುವ ಉಪಕಥೆಗಳಲ್ಲಿ. ಏನು ಮಾಡಬೇಕೆಂದು ತೋಚದಿದ್ದಾಗ ಅಂತರ್ಜಾಲಕ್ಕೆ ಹೋಗುವ ಬದಲು ‘ಕಾಲದ ಕೊನೆ’ ಎಂಬ ತಾಣದಲ್ಲಿ ದೀಪದ ಕಂಬದ ಕೆಳಗೆ ನಿಂತಿರುವ ಮುದುಕನ ಬಳಿ ಹೋಗಿ. ಅವನು ಒಗಟಿನಂತೆ ಒಂದೊಂದೇ ಸುಳಿವು ಕೊಡುತ್ತಾನೆ.

ನನ್ನಿಂದ ಎರಡೇ ಸುಳಿವು. 1000ದಲ್ಲಿ ಪೋರ್ ಎಂಬ ಊರಿನ ಜಿಪುಣ ಯಜಮಾನನೊಬ್ಬ ನಿಮಗೆ ಬೇಕಾದ ವಸ್ತುವನ್ನು ಕೊಡಲು ಒಪ್ಪದಿದ್ದರೆ ಅವನೊಡನೆ ಜಗಳಾಡಬೇಡಿ. ಅವನ ಮನೆತನದ ಹಿರಿಯರು 600ರಲ್ಲಿ ಎಲ್ಲಿದ್ದರೆಂದು ಹುಡುಕಿ, ಅವರಿಗೆ ಏನಾದರೂ ಬೇಕೆಂದು ಕಂಡರೆ ಬೆಲೆ ಕೇಳದೆ ಕೊಟ್ಟುಬಿಡಿ. ಎರಡನೆಯದು, ಲೂಕಾಳ ಮನೆಯಲ್ಲಿ ಕುರ್ಚಿ ಬಿಟ್ಟು ಏಳಲಾರದೆ ಕುಳಿತಿರುವ ಅವಳ ತಾಯಿಯ ಹೆಸರನ್ನು ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಒಂದು ರಾತ್ರಿ ಆ ಹೆಸರು ಕೆಲವೇ ಕ್ಷಣಗಳಲ್ಲಿ ನೆನಪಾಗಬೇಕಾಗುತ್ತದೆ.

ಆದರೆ ಕಾಡಿನ ಪ್ರಸಂಗವನ್ನು ಮಾತ್ರ ಪೂರ್ತಿ ಹೇಳುತ್ತೇನೆ, ಮೊದಲೇ ತಿಳಿದಿದ್ದರೂ ಅದರ ಬಲ ಕುಂದುವುದಿಲ್ಲ. 600ರಲ್ಲಿ ಫಿಯೋನಾ ಎಂಬ ಹೆಣ್ಣುಮಗಳು ಮರುಭೂಮಿಯಾಗಿ ಹೋದ ನೆಲದಲ್ಲಿ ಮತ್ತೆ ಕಾಡು ಬೆಳೆಸಬೇಕೆಂದು ಹಂಬಲಿಸುತ್ತಿದ್ದಾಳೆ. ಮರಳಿನಡಿಯ ಮೃಗವನ್ನು ನೀವು ಕೊಂದರೂ ಗಿಡ ನೆಟ್ಟು ಬೆಳೆಸಲು ಒಬ್ಬ ಮನುಷ್ಯಳ ಆಯುಷ್ಯ ಸಾಲದು. ಆಗ ನಿಮ್ಮ ತಂಡದ ಯಂತ್ರಮಾನವ ರೋಬೋ ತಾನು ಹಿಂದೆ ಉಳಿಯುವುದಾಗಿ ಹೇಳುತ್ತಾನೆ. ಉಳಿದವರು ಕಾಲಯಂತ್ರವೇರಿ 1000ಕ್ಕೆ ಬಂದಿಳಿಯುತ್ತಾರೆ. ನಿಮಗೆ ಅದು ಅರೆಕ್ಷಣ. ಅವನಿಗೆ 400 ವರ್ಷ. ಮರಳಿದ್ದ ಕಡೆ ಹಸಿರು ಹಬ್ಬಿದೆ, ನಡುವೆ ಒಂದು ಗುಡಿಯಿದೆ, ಅದರೊಳಗೆ ಅವನು ಸವೆದು ನಿಶ್ಚಲನಾಗಿ ಕುಳಿತಿದ್ದಾನೆ. ಅವನನ್ನು ಎಬ್ಬಿಸಿ, ಅಂದು ರಾತ್ರಿ ಎಲ್ಲರೂ ಬೆಂಕಿಯ ಸುತ್ತ ಕುಳಿತು ಮಾತಾಡುತ್ತಾರೆ.

ಈ ಪ್ರಸಂಗ ಮುಗಿದಾಗ ನಮ್ಮ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕಪ್ಪತಗುಡ್ಡದ ಮಾತು ತೆಗೆದಳು. ಗದಗಿನ ಮಕ್ಕಳಿಗೆ ಆ ಗುಡ್ಡ ದೂರದ್ದಲ್ಲ. ಗಣಿಗಾರಿಕೆಯಿಂದ ಅದನ್ನು ಉಳಿಸಿಕೊಳ್ಳಲು ಊರಿನ ಜನ ಬೀದಿಗಿಳಿದದ್ದನ್ನೂ, 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಣೆಯಾದದ್ದನ್ನೂ ಮನೆಯಲ್ಲಿ ಕೇಳಿ ಬೆಳೆದಿದ್ದಾರೆ. ‘ಅಲ್ಲಿ ಗಿಡಾ ಹಚ್ಚಿದವರು ಯಾರಿರಬೇಕು, ಮಾಮಾ?’ ಎಂದು ಕೇಳಿದಳು. ದಾರಿಸೂಚಿ ಹಿಡಿದು ಆಡಿದ ಮೊದಲ ಸಲ ನಾನು ಈ ಪ್ರಸಂಗವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಮುಂದಿನ ಆಯುಧದ ಕಡೆ ನಡೆದಿದ್ದೆ.

ಇನ್ನೊಂದು ಎಚ್ಚರಿಕೆ. ಶತ್ರುವೆಂದೇ ನೀವು ಬಹುಕಾಲ ನಂಬಿದ್ದ ಒಬ್ಬನು ಸಮುದ್ರದಂಚಿನ ಬಂಡೆಯ ಮೇಲೆ ನಿಂತು, ಹೋರಾಡುವಿರಾ ಎಂದು ಕೇಳುವ ಘಟ್ಟವಿದೆ. ಅಲ್ಲಿ ಯಾವುದು ಲಾಭವೆಂದು ಯಾರನ್ನೂ ವಿಚಾರಿಸಬೇಡಿ. ಫ್ರಾಗ್ ನಿಮ್ಮ ಜೊತೆಗಿದ್ದರೆ ಅವನ ಕಥೆಯನ್ನು ನೆನೆದು ನೀವೇ ತೀರ್ಮಾನಿಸಿ.

ಎಂಟನೆಯ ಹೆಜ್ಜೆ: ಮತ್ತೆ ಮೊದಲಿನಿಂದ

ಆಟ ಮುಗಿದ ಮೇಲೆ ‘ನ್ಯೂ ಗೇಮ್ ಪ್ಲಸ್’ ಎಂಬ ಆಯ್ಕೆ ಬರುತ್ತದೆ. ಇಂದು ಎಷ್ಟೋ ಆಟಗಳಲ್ಲಿ ಕಾಣುವ ಈ ಹೆಸರು ಬಳಕೆಗೆ ಬಂದದ್ದು ಇದೇ ಆಟದಿಂದ. ಗಳಿಸಿದ ಬಲವನ್ನೂ ಆಯುಧಗಳನ್ನೂ ಇಟ್ಟುಕೊಂಡು ಕಥೆಯನ್ನು ಮೊದಲಿನಿಂದ ಆಡಬಹುದು, ಮತ್ತು ಲಾವೋಸ್‌ನನ್ನು ಯಾವ ಘಟ್ಟದಲ್ಲಿ ಸೋಲಿಸಿದಿರಿ ಎಂಬುದರ ಮೇಲೆ ಹತ್ತಕ್ಕೂ ಹೆಚ್ಚು ಬೇರೆ ಬೇರೆ ಮುಕ್ತಾಯಗಳು ತೆರೆಯುತ್ತವೆ. ಈ ಸುತ್ತಿನಲ್ಲಿ ಜಾತ್ರೆಯ ಉತ್ತರ ತುದಿಗೆ ಹೋಗಿ ಲೂಕಾಳ ಯಂತ್ರದ ಬಲಗಡೆಯ ಪೀಠದ ಮೇಲೆ ಮಿನುಗುವ ಚುಕ್ಕೆಯನ್ನು ಮುಟ್ಟಿದರೆ ನೇರವಾಗಿ ಕೊನೆಯ ಯುದ್ಧಕ್ಕೆ ಹೋಗುತ್ತೀರಿ. ಆರಂಭದಲ್ಲಿಯೇ ಹೀಗೆ ಗೆದ್ದವರಿಗೆ ಆಟವನ್ನು ಕಟ್ಟಿದವರೇ ಪಾತ್ರಗಳಾಗಿ ಎದುರಾಗುವ ಕೋಣೆಯೊಂದು ಕಾದಿದೆ. ಫೈನಲ್ ಫ್ಯಾಂಟಸಿ ಆಟಗಳ ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಆಟಗಳ ಯೂಜಿ ಹೊರಿಯಿ, ಪಾತ್ರಗಳ ರೂಪವನ್ನು ಬರೆದ, 2024ರ ಮಾರ್ಚಿನಲ್ಲಿ ತೀರಿಕೊಂಡ ಅಕಿರಾ ತೊರಿಯಾಮಾ ಒಂದೇ ಆಟಕ್ಕಾಗಿ ಕೂಡಿದ್ದರೆಂಬುದನ್ನು ತಿಳಿದುಕೊಂಡು ಅಲ್ಲಿಗೆ ಹೋಗಿ, ಅಲ್ಲಿರುವ ಪ್ರತಿಯೊಬ್ಬರನ್ನೂ ಮಾತಾಡಿಸಿ ಬನ್ನಿ.

ನಮ್ಮ ಹುಡುಗಿ ದೀಪಾವಳಿ ರಜೆಗೆ ಬಂದಾಗ ಎರಡನೆಯ ಸುತ್ತನ್ನು ಶುರು ಮಾಡಿದಳು. ಮಿನುಗುವ ಚುಕ್ಕೆಯ ಕಡೆಗೆ ಹೋಗಲಿಲ್ಲ. ಮೊದಲು ಬೆಕ್ಕನ್ನು ಹುಡುಕಿ ಆ ಪುಟ್ಟ ಹುಡುಗಿಯ ಬಳಿಗೆ ನಡೆಸಿಕೊಂಡು ಹೋದಳು, ಆಮೇಲೆ ಮೇಜಿನ ಮೇಲಿನ ಊಟದ ಗಂಟಿನ ಪಕ್ಕದಿಂದ ಹಾದು ಹೋದಳು.